ಗೋಡೆಗೆ ಮುಖ ಮಾಡಿದ ಪಟಗಳು

“ಇದೇನು ಸಾಲ್ದಿನ್, ನಮ್ಮ ಆಬ್ರಿಯ ಮನೆತನದವರನ್ನೆಲ್ಲ ತಪ್ಪು ಮಾಡಿದ ಶಾಲೆ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀರಿ?”

ಪಕ್ಕದ ಮನೆಯ ಏವಿಸ್ ಯಾನ್ಸ್ ಹಜಾರದ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಎಪ್ಪತ್ತು ದಾಟಿದ, ಪಿಯಾನೊ ಪಾಠ ಹೇಳುವ ಹೆಂಗಸು. ಶವಪೆಟ್ಟಿಗೆಯಲ್ಲಿ ಮಲಗುವವನಿಗೆ ತೊಡಿಸಲು ಅವನ ಕಪ್ಪು ಕೋಟು ಹುಡುಕಿಕೊಂಡು ಬಂದಿದ್ದಳು.

ಕಿಟಕಿಯ ಚಿಲಕ ಪರೀಕ್ಷಿಸುತ್ತಿದ್ದ ಇನ್‌ಸ್ಪೆಕ್ಟರ್ ಬಹಾರ್ ಸಾಲ್ದಿನ್ ತಲೆಯೆತ್ತಿದ. ವುಲ್ಫೆಂಡಾಲ್ ಬೀದಿಯ ಈ ಡಚ್ಚರ ಕಾಲದ ಮನೆಯಲ್ಲಿ ಮುದುಕ ಆಬ್ರಿ ಷೋಕ್‌ಮನ್ ತಲೆಯೊಡೆದು ಸತ್ತು ಬಿದ್ದದ್ದು ಮೊನ್ನೆ. ಮನೆಯಲ್ಲಿದ್ದ ಒಬ್ಬನೇ ಬಾಡಿಗೆದಾರ, ಜಾಫ್ನಾ ಕಡೆಯ ತಮಿಳು ಹುಡುಗ ತಿಲ್ಲೈನಾದನ್, ಅಂದಿನಿಂದ ಲಾಕಪ್ಪಿನಲ್ಲಿದ್ದ.

“ಪಟಗಳನ್ನ ನಾವು ಮುಟ್ಟಿಲ್ಲ, ಮಿಸ್ ಯಾನ್ಸ್.”

“ಹಾಗಾದ್ರೆ ಅವರೇ ತಿರುಗಿಕೊಂಡರಾ? ಪೊಲೀಸರ ಮುಖ ನೋಡಲಾರದೆ?”

ಬಾಗಿಲಲ್ಲಿ ನಿಂತಿದ್ದ ಸಾರ್ಜೆಂಟ್ ಕರುಣಾತಿಲಕ ಎಲೆ ಅಡಿಕೆ ತುಂಬಿದ ಬಾಯಲ್ಲೇ ನಕ್ಕ. “ಸತ್ತ ಮನೆ ಅಲ್ವಾ ನೋನಾ. ಪಟ ತಿರುಗಿಸ್ತಾರೆ.”

“ನಿಮ್ಮ ಬೌದ್ಧರ ಮನೇಲಿ ತಿರುಗಿಸ್ತೀರಪ್ಪ. ನಮ್ಮ ಚರ್ಚಿನವರಲ್ಲಿ ಯಾರು ತಿರುಗಿಸ್ತಾರೆ? ನಮ್ಮಮ್ಮ ಹೋದಾಗ ಅಜ್ಜ, ಅಜ್ಜಿ, ಅಪ್ಪ, ಎಲ್ಲರ ಪಟ ಒರೆಸಿ ನೆಟ್ಟಗೆ ಇಟ್ಟೆವು. ಹೊರಟವಳನ್ನ ಕಳಿಸಿಕೊಡೋಕೆ ಮನೆಯವರು ಇರಬೇಡವಾ?”

ಸಾಲ್ದಿನ್‌ನ ಕೈ ಚಿಲಕದ ಮೇಲೆ ಹಾಗೇ ನಿಂತಿತು.

ಮೊನ್ನೆಯಿಂದ ಈ ಹಜಾರದಲ್ಲಿ ಎಷ್ಟು ಜನ ಓಡಾಡಿದ್ದಾರೆ! ಬೆರಳಚ್ಚಿನವರು, ಫೋಟೋದವನು, ಡಾಕ್ಟರು, ಠಾಣೆಯ ಅರ್ಧ ಸಿಬ್ಬಂದಿ. ಎಲ್ಲರ ತಲೆಯ ಮೇಲೇ ಪಟಗಳ ಬೆನ್ನು, ಹುಳ ತಿಂದ ಹಲಗೆ, ತುಕ್ಕು ತಂತಿ. ಒಬ್ಬನೂ ನಿಂತು ನೋಡಲಿಲ್ಲ. ಸಾವಿನ ಮನೆಯಲ್ಲಿ ಪಟ ಬೆನ್ನು ತೋರಿಸುವುದು ಅವರ ಕಣ್ಣಿಗೆ ಮರದಡಿ ತರಗೆಲೆ ಬಿದ್ದಿರುವಷ್ಟೇ ಸಹಜ. ಸಾಲ್ದಿನ್ ಮಲಯ ಜನಾಂಗದವನು, ಮುಸಲ್ಮಾನ. ಅವನ ತಾಯಿಯ ಮನೆಯ ಗೋಡೆಗೆ ಪಟವೆಂಬುದೇ ಇರಲಿಲ್ಲ. ಆದರೆ ಸಿಂಹಳರ ಓಣಿಯಲ್ಲಿ ಬೆಳೆದವನ ಕಣ್ಣೂ ಅದಕ್ಕೆ ಒಗ್ಗಿಹೋಗಿತ್ತು.

“ಕರುಣಾ, ಅವತ್ತು ಮೊದಲು ಒಳಗೆ ಬಂದವನು ನೀನು. ಆಗ ಇವು ಹೇಗಿದ್ದವು?”

“ಹೀಗೇ ಇದ್ದವು ಸರ್. ಸದ್ಯ, ಯಾರೋ ಆಗಲೇ ಮಾಡಬೇಕಾದ್ದು ಮಾಡಿದ್ದಾರೆ ಅಂದ್ಕೊಂಡು...” ಸಾರ್ಜೆಂಟನ ದವಡೆ ನಿಂತಿತು. ಅವನು ಕಿಟಕಿಯಾಚೆ ಉಗಿದು ಬಂದು ಮತ್ತೊಮ್ಮೆ ಗೋಡೆ ನೋಡಿದ. “ಸರ್... ಯಾರು?”

ಅದೇ ಪ್ರಶ್ನೆ. ಪೊಲೀಸರು ಬರುವ ಮೊದಲೇ, ನೆರೆಯವರಿಗೆ ಸುದ್ದಿ ಮುಟ್ಟುವ ಮೊದಲೇ, ಇಲ್ಲಿ ಒಂದು ಸಾವಾಗಿದೆ ಎಂದು ಬಲ್ಲ ಒಬ್ಬರು ಈ ಹಜಾರದಲ್ಲಿ ನಿಂತು ಒಂದೊಂದೇ ಪಟವನ್ನು ತಿರುಗಿಸಿದ್ದರು. ಅವಸರದಲ್ಲಲ್ಲ. ಒಂದೂ ಸೊಟ್ಟಗಿರಲಿಲ್ಲ.

ಮುದುಕನ ಸೋದರಳಿಯ ಡೆರಿಕ್ ಈ ಮನೆ ಮಾರಿ ಮೆಲ್ಬರ್ನಿಗೆ ಹೊರಡಲು ತುದಿಗಾಲಲ್ಲಿ ನಿಂತಿದ್ದ. ಅವನ ಮೇಲೆ ಸಾಲ್ದಿನ್‌ಗೆ ಮೊದಲಿನಿಂದಲೂ ಗುಮಾನಿಯಿತ್ತು. ಆದರೆ ಡೆರಿಕ್ ಏವಿಸಳ ಚರ್ಚಿನವನೇ. ಈ ಪಟಗಳಿಗೆ ಎಷ್ಟು ಬೆಲೆ ಬರುತ್ತದೆಂದು ಕೇಳಿಯಾನು, ತಿರುಗಿಸುವವನಲ್ಲ. ತಿಲ್ಲೈನಾದನ್‌ನ ಕಡೆ ಸಾವಾದರೆ ದೇವರ ಗೂಡು ಮುಚ್ಚುತ್ತಾರೆ. ಪರರ ಮುತ್ತಾತಂದಿರ ಗೊಡವೆಗೆ ಅವರು ಹೋಗುವುದಿಲ್ಲ.

ನಡುವಿನ ದೊಡ್ಡ ಪಟ ಬಾಗಿಲ ಕಮಾನಿಗಿಂತಲೂ ಮೇಲಿತ್ತು. ಅದರ ಮುಖವನ್ನು ಸಾಲ್ದಿನ್ ಚೆನ್ನಾಗಿ ಬಲ್ಲ. ಡಚ್ ಕಂಪನಿಯ ಕಪ್ತಾನ, ಕೆಂಪು ಮೂಗು, ಕತ್ತಿಯ ಹಿಡಿಯ ಮೇಲೆ ಕೊಬ್ಬಿದ ಬೆರಳುಗಳು. ಭಾನುವಾರ ಸಾಲ್ದಿನ್ ಚಹಾಕ್ಕೆ ಬಂದಾಗಲೆಲ್ಲ ಮುದುಕ ಕೋಲಿನಿಂದ ಮೇಲೆ ತೋರಿಸುತ್ತಿದ್ದ. “ನಿನ್ನ ಮುತ್ತಾತನ ಕೈಗೆ ಬಂದೂಕು ಕೊಟ್ಟು ಜಾವಾದಿಂದ ಹಡಗು ಹತ್ತಿಸಿದ್ದು ಇವನೇ ಕಣೋ. ಅದಕ್ಕೇ ನಿನಗೆ ಬಿಟ್ಟಿ ಚಹಾ. ಕುಡಿ, ನಮ್ಮ ಮನೆತನದ ದಂಡ ಅದು.”

“ಆ ಕಪ್ತಾನನ್ನ ಮುಟ್ಟಬೇಕಾದ್ರೆ ನಿಮಗೆ ಏಣಿ ಬೇಕು,” ಎಂದಳು ಏವಿಸ್, ಅವನ ನೋಟ ಹಿಡಿದು. “ಪ್ರತಿ ಕ್ರಿಸ್‌ಮಸ್ಸಿಗೂ ಧೂಳು ಹೊಡೆಯೋಕೆ ಅಡುಗೆ ಯಸವತಿಯ ಮಗನೇ ಆಗಬೇಕಿತ್ತು. ವಿಪುಲ. ತಾಳೆಮರ! ಸ್ಟೂಲು ಹಾಕ್ಕೊಂಡ್ರೆ ಸಾಕು ಅವನಿಗೆ. ನನ್ನ ಕಿಟಕಿ ಗಾಜು ಒಂದನ್ನೂ ಉಳಿಸಲಿಲ್ಲ ಆ ಕ್ರಿಕೆಟ್ ಪ್ರಾಣಿ. ಈಗ ಪಾಪ, ಸೈನ್ಯ ಸೇರಿ ಉತ್ತರದಲ್ಲೆಲ್ಲೋ ಕಾದಾಡ್ತಿದೆ.”

ಅವಳು ಕೋಟನ್ನು ಮಗುವಿನ ಹಾಗೆ ತೋಳಿನ ಮೇಲೆ ಹಾಕಿಕೊಂಡು ಹೊರಟುಹೋದಳು.

ಸಾಲ್ದಿನ್ ಗಡಿಯಾರ ನೋಡಲಿಲ್ಲ. ಸಂಜೆಯ ಗಡುವು ತಲೆಯಲ್ಲೇ ಇತ್ತು. ಬೆಳಿಗ್ಗೆ ಠಾಣೆಯ ಮುಖ್ಯಸ್ಥ ಅಬೇಸೇಕರ ಕಡತದಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟೇ: “ಸಂಜೆ ಜೀಪು ಬರುತ್ತೆ. ಆ ಜಾಫ್ನಾ ಹುಡುಗನನ್ನ ಕೇಳಿದ್ದಾರೆ. ಬೇರೊಂದು ಹೆಸರು ತಂದುಕೊಡು, ಇವನನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀನಿ. ಇಲ್ಲ ಅಂದ್ರೆ ನನ್ನ ಕೈಲಿ ಏನಿದೆ ಹೇಳು?”

ನಂಬರಿನ ಹಲಗೆಯಿಲ್ಲದ ಜೀಪು. ಅದು ಯಾರದ್ದೆಂದು ಯಾರೂ ಕೇಳುವುದಿಲ್ಲ. ಅದನ್ನು ಹತ್ತಿದವರ ತಾಯಂದಿರು ಸೆರಗಿನಲ್ಲಿ ಮಗನ ಫೋಟೋ ಕಟ್ಟಿಕೊಂಡು ಠಾಣೆಯಿಂದ ಠಾಣೆಗೆ ಅಲೆಯುತ್ತಾರೆ. ಸಾಲ್ದಿನ್ ಅಂಥವರಿಗೆ ಬೆಂಚು ತೋರಿಸಿ, ನೀರು ಕೊಟ್ಟು, ಬರಿಗೈಯಲ್ಲಿ ಕಳಿಸಿದ್ದ.

ಅವನು ಹಿತ್ತಲ ಅಡುಗೆಮನೆಯತ್ತ ನಡೆದ.

ಯಸವತಿ ಕಾಯಿ ತುರಿಯುವ ಮಣೆಯ ಮೇಲೆ ಸುಮ್ಮನೆ ಕೂತಿದ್ದಳು. ಊರಲ್ಲಿ ಅಣ್ಣನ ತಿಥಿಯ ದಾನಕ್ಕೆಂದು ಹೋಗಿದ್ದವಳು ಸುದ್ದಿ ತಿಳಿದು ನಿನ್ನೆ ತಾನೇ ಮರಳಿದ್ದಳು. ಗಿಡ್ಡ ಮೈಕಟ್ಟು, ಬಿಳಿ ಸೀರೆ, ಬೂದಿ ಬಣ್ಣದ ತುರುಬು. ಒಲೆ ತಣ್ಣಗಿತ್ತು.

“ಚಹಾ ಕೇಳಬೇಡಿ ಸರ್. ಒಲೆ ಹಚ್ಚಿಲ್ಲ.”

“ಕೇಳಲ್ಲ ಯಸವತಿ ಅಕ್ಕ.”

“ಹೆಣ ಮಣ್ಣಾಗೋ ತನಕ ಈ ಮನೇಲಿ ಹೊಗೆ ಏಳಬಾರದು. ಡೆರಿಕ್ ಬಾಬಾ ಬಂದು ಆಮ್ಲೆಟ್ ಮಾಡ್ಕೊಡು ಅಂದ. ಚರ್ಚಿಗೆ ಹೋಗೋರು ನೀವು, ಒಲೆ ಮಾತ್ರ ನನ್ನದು, ಹೋಟೆಲಿಗೆ ಹೋಗಿ ತಿನ್ನಿ ಅಂದೆ.”

“ಪಟಗಳೂ ನಿಮ್ಮವೇನಾ?”

“ಯಾವ ಪಟ?”

“ಹಜಾರದಲ್ಲಿ ತಿರುಗಿಸಿರೋವು.”

“ಅದು ನಿಮ್ಮ ಕರುಣಾತಿಲಕ ಮಾಡಿಸಿದ್ದಲ್ವಾ? ಪೊಲೀಸಿನವನಾದ್ರೂ ಮನುಷ್ಯತ್ವ ಇದೆ ಅಂದ್ಕೊಂಡೆ.”

“ಅವನಲ್ಲ. ನಮ್ಮವರು ಯಾರೂ ಅಲ್ಲ. ನಾವು ಬಂದಾಗಲೇ ಹಾಗಿದ್ದವು.”

ಅವಳು ತಿರುಗಿ ಹಜಾರದ ಬಾಗಿಲ ಕಡೆ ನೋಡಿದಳು. ಹೊರಗೆ ಪೇಟೆಯ ಕಡೆಯಿಂದ ಕೈಗಾಡಿಯವರ ಕೂಗು, ಒಣಮೀನಿನ ವಾಸನೆ ಹೊತ್ತ ಬಿಸಿಗಾಳಿ. ಸಾಲ್ದಿನ್ ಅವಳ ಮುಖವನ್ನೇ ನೋಡುತ್ತಿದ್ದ. ಲೆಕ್ಕ ತಪ್ಪಿದವರ ಮುಖವಲ್ಲ ಅದು. ಲೆಕ್ಕ ಸರಿಹೋದವರ ಮುಖ. ಬಣ್ಣ ಮಾತ್ರ ಇಳಿದಿತ್ತು.

“ಕದಿಯೋಕೆ ಬಂದವನು ಹೊಡೆದು ಓಡಿಹೋಗ್ತಾನೆ,” ಎಂದ ಅವನು ಮೆಲ್ಲಗೆ. “ಮನೆ ಬಾಚ್ಕೊಳ್ಳೋಕೆ ಬಂದವನೂ ಅಷ್ಟೇ. ನಿಂತು ಪಟ ತಿರುಗಿಸೋನು, ಸತ್ತವರು ತನ್ನವರು ಅಂತ ಅನ್ನಿಸಿದವನು. ಮೇಲೆ ಕಪ್ತಾನನ ತನಕ ಕೈ ಎಟುಕೋನು.”

“ಸ್ಟೂಲು ಇದೆ ಮನೇಲಿ.”

“ಸ್ಟೂಲು ಹತ್ತಿದ್ರೂ ನಿಮಗೆ ಎಟುಕಲ್ಲ. ನನಗೂ ಎಟುಕಲ್ಲ. ವಿಪುಲ ಎಲ್ಲಿದ್ದಾನೆ ಅಕ್ಕ?”

“ಎಲ್ಲಿರ್ತಾನೆ? ಯುದ್ಧದಲ್ಲಿ.”

“ರಜೆ ಮೇಲೆ ಬಂದಿದ್ನಾ?”

“ಈಗ ಯಾರಿಗೆ ಕೊಡ್ತಾರೆ ರಜೆ?”

“ಕೊಡದಿದ್ರೂ ಬಂದುಬಿಡೋರು ಇದ್ದಾರೆ. ಬಂದೋರು ತಾಯಿ ಊರಿಗೆ ಹೋಗಲ್ಲ, ಅಲ್ಲಿ ಮೊದಲು ಹುಡುಕ್ತಾರೆ ಅಂತ. ಬೆಳೆದ ಮನೆಗೆ ಬರ್ತಾರೆ. ಅಟ್ಟ ಇರೋ ಮನೆಗೆ. ಕೇಳಿದ್ದನ್ನ ಇಲ್ಲ ಅನ್ನದ ಮುದುಕ ಇರೋ ಮನೆಗೆ.”

ಯಸವತಿ ಎದ್ದು ನಿಂತಳು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು, ದೊಡ್ಡ ಹಂಡೆ ಎತ್ತಲು ಹೊರಟವಳ ಹಾಗೆ.

“ನಾನೇ ಮಾಡಿದ್ದು. ಬರ್ಕೊಳ್ಳಿ.”

“ಏನು ಮಾಡಿದ್ದು?”

“ಮುದುಕನನ್ನ ಹೊಡೆದದ್ದು. ಆಮೇಲೆ ಮನಸ್ಸು ಕೇಳಲಿಲ್ಲ, ಪಟ ತಿರುಗಿಸಿದೆ.”

“ದಾನದ ಮನೇಲಿ ಊರಿಗೆ ಊರೇ ನಿಮ್ಮ ಕೈ ಅನ್ನ ಉಂಡಿದೆ.”

“ಭಿಕ್ಷುಗಳಿಗೆ ಬಡಿಸಿ ಹೊರಟೆ. ಬಸ್ಸು ಹತ್ತಿ ಬಂದೆ.”

“ಆ ರಾತ್ರಿ ಸೇತುವೆ ಹತ್ತಿರ ದಾರಿ ಮುಚ್ಚಿದ್ರು. ಒಂದು ಬಸ್ಸೂ ಒಳಗೆ ಬರಲಿಲ್ಲ.”

“ನಡೆದುಬಂದೆ.”

“ಕುರುನೇಗಲದಿಂದ? ತೊಂಬತ್ತು ಕಿಲೋಮೀಟರು?”

“ಹೌದು! ನಡೆದೇ ಬಂದೆ! ನಿಮಗೇನು ಕಷ್ಟ?” ಅವಳ ದನಿ ಒಡೆಯಿತು, ಮತ್ತೆ ಅವಳೇ ಅದನ್ನು ಹಿಡಿದು ನಿಲ್ಲಿಸಿದಳು. “ಕೇಳಿ ಸರ್. ಆ ತಿಲ್ಲೈ ಉಳೀಬೇಕಾದ್ರೆ ನಿಮಗೊಂದು ಹೆಸರು ಬೇಕು. ಬೀದಿಗೆಲ್ಲ ಗೊತ್ತು ಇದು. ಕೊಡ್ತಿದ್ದೀನಲ್ಲ? ಅವನಿಗೂ ಅಲ್ಲೆಲ್ಲೋ ಒಬ್ಬಳು ಅಮ್ಮ ಇದ್ದಾಳೆ, ಅವನು ಮೀನು ಸಾರಿಗೆ ಹುಣಿಸೆ ಹೆಚ್ಚಾಯ್ತು ಅನ್ನುವಾಗಲೆಲ್ಲ ಅವಳ ಹೆಸರೇ ಹೇಳ್ತಿದ್ದ. ಅವನೂ ಉಳೀತಾನೆ, ನನ್ನವನೂ ಉಳೀತಾನೆ. ನನ್ನಂಥವಳು ಜೈಲಿಗೆ ಹೋದ್ರೆ ಯಾರ ಮನೆ ಒಲೆ ಆರುತ್ತೆ?”

ಕೆಟ್ಟದ್ದೇನೆಂದರೆ, ಅವಳು ಹೇಳಿದ್ದು ನಡೆಯುವಂಥದ್ದಾಗಿತ್ತು. ಅಬೇಸೇಕರ ಒಪ್ಪುತ್ತಿದ್ದ. ಅಡುಗೆಯವಳು ಯಜಮಾನನನ್ನು ಕೊಂದಳು ಎಂದರೆ ಪತ್ರಿಕೆಯವರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಬಸ್ಸಿಲ್ಲದ ರಾತ್ರಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

“ಮನೆ ಬಿಟ್ಟು ಎಲ್ಲೂ ಹೋಗಬೇಡಿ,” ಎಂದಷ್ಟೇ ಹೇಳಿ ಅವನು ಹೊರಬಿದ್ದ.

“ಬರ್ಕೊಂಡ್ರಾ?” ಎಂದು ಅವಳು ಹಿಂದಿನಿಂದ ಕೂಗಿದಳು. ಬೀದಿಗಿಳಿಯುವ ತನಕ ಆ ದನಿ ಅವನ ಬೆನ್ನಿಗೆ ತಗುಲಿಕೊಂಡೇ ಬಂತು.

ಠಾಣೆಯಲ್ಲಿ ಅವನು ತಿಲ್ಲೈನಾದನ್‌ನನ್ನು ಲಾಕಪ್ಪಿನಿಂದ ತನ್ನ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದ. ಕೋಟೆ ಬಡಾವಣೆಯ ಹಡಗು ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಡುಗ. ಇಸ್ತ್ರಿ ಕೆಡದ ಅಂಗಿಯವನೆಂದು ಹೆಸರಾಗಿದ್ದವನು ಈಗ ಕಾಲರು ಹರಿದುಕೊಂಡು, ಒಡೆದ ತುಟಿಯಲ್ಲಿ ಕೂತಿದ್ದ. ತುಟಿ ಒಡೆದವರು ಯಾರೆಂದು ಸಾಲ್ದಿನ್ ಕೇಳಿರಲಿಲ್ಲ. ಕೇಳದೆ ಇದ್ದದ್ದು ಅವನಿಗೇ ಚುಚ್ಚುತ್ತಿತ್ತು.

ಮೇಜಿನ ಮೇಲೆ ಮೀನಿನ ಬನ್ನು ಇಟ್ಟ. “ತಿನ್ನು.”

ತಿಲ್ಲೈ ಮುಟ್ಟಲಿಲ್ಲ.

“ಆ ಮನೆಯ ಅಟ್ಟದಲ್ಲಿ ವಿಪುಲ ಇದ್ದ, ಅಲ್ವಾ?”

“ಅಟ್ಟದಲ್ಲಿ ಇಲಿ ಇದ್ದವು ಸರ್.”

“ಆರಡಿ ಇಲಿ?”

ತಿಲ್ಲೈ ಹರಿದ ಕಾಲರನ್ನು ಸರಿಮಾಡಿಕೊಂಡ.

“ಯಸವತಿ ತಪ್ಪೊಪ್ಪಿಕೊಂಡಿದ್ದಾಳೆ. ಕೊಂದದ್ದು ತಾನೇ ಅಂತಾಳೆ. ಈ ಹಾಳೆ ಮೇಲೆ ನಾನು ಅದನ್ನ ಬರೆದರೆ ನೀನು ಉಳೀತೀಯ. ಅವಳು ಹೋಗ್ತಾಳೆ. ಏನು ಮಾಡ್ಲಿ, ನೀನೇ ಹೇಳು.”

ಹುಡುಗ ಮೊದಲ ಬಾರಿಗೆ ನೇರವಾಗಿ ನೋಡಿದ. ಕಣ್ಣಲ್ಲಿ ಹೆದರಿಕೆಗಿಂತ ಹೇಸಿಗೆ ಹೆಚ್ಚಿತ್ತು. ಅದು ಯಾಕೆಂದು ಸಾಲ್ದಿನ್‌ಗೆ ಆಗ ತಿಳಿಯಲಿಲ್ಲ.

“ಬರೀಬೇಡಿ. ಆ ಅಮ್ಮನ ತಲೆಗೆ ಕಟ್ಟಬೇಡಿ. ನಾನು ಹೇಳ್ತೀನಿ. ಆಮೇಲೆ ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ.” ಅವನು ಒಡೆದ ತುಟಿ ಒರೆಸಿಕೊಂಡ. “ಪಟ ತಿರುಗಿಸಿದ್ದು ವಿಪುಲನೇ. ಸ್ಟೂಲು ಹಿಡ್ಕೊಂಡಿದ್ದು ನಾನು. ಅದು ಅಲ್ಲಾಡುತ್ತೆ, ಒಂದು ಕಾಲು ಗಿಡ್ಡ.”

“ಹೊಡೆದದ್ದು?”

“ನಾವಿಬ್ಬರೂ ಮೇಲಿದ್ವಿ. ಕೆಳಗೆ ಯಾರೋ ಬಂದು ಮಾತಾಡ್ತಿದ್ರು. ಅಜ್ಜನ ದನಿ ಏರಿತು. ಅಟ್ಟದ ಏಣಿ ಎಳ್ಕೊಂಡು ಉಸಿರು ಬಿಗಿಹಿಡಿದು ಕೂತ್ವಿ. ತಪಾಸಣೆಗೆ ಬಂದಿದ್ದಾರೆ ಅಂತಲೇ ನಮ್ಮ ಲೆಕ್ಕ. ನಾವಿಳಿದು ಬರೋ ಹೊತ್ತಿಗೆ ಬಂದವರು ಹೋಗಿದ್ರು. ಅಜ್ಜ ನೆಲದ ಮೇಲಿದ್ರು. ಜೀವ ಇತ್ತು ಸರ್.”

“ಜೀವ ಇತ್ತಾ?” ಸಾಲ್ದಿನ್ ಅರ್ಧ ಎದ್ದ. “ಡಾಕ್ಟರನ್ನ...”

“ಡಾಕ್ಟರ ಮನೆ ಬೀದಿಯಾಚೆ! ಕಿಟಕೀಲಿ ನಿಂತ್ರೆ ಅವರ ದೀಪ ಕಾಣುತ್ತೆ!” ತಿಲ್ಲೈ ಕೈಯಲ್ಲಿ ಮುಖ ಉಜ್ಜಿಕೊಂಡ. “ಮೂಲೆಯಲ್ಲಿ ಬಂದೂಕು ಹಿಡ್ಕೊಂಡು ನಿಮ್ಮೋರಿದ್ರು. ನಾನು ಬೀದಿಗಿಳಿದ್ರೆ ತಮಿಳ. ಅವನಿಳಿದ್ರೆ ಸೈನ್ಯ ಬಿಟ್ಟು ಓಡಿಬಂದವನು. ನೀನು ಹೋಗು, ನೀನು ಹೋಗು ಅಂತ ಬಾಗಿಲ ಹತ್ರ ಜಗಳ ಆಡಿದ್ವಿ ಸರ್. ಇಬ್ಬರೂ ಹೋಗಲಿಲ್ಲ. ಜಗಳ ಮುಗಿಯೋ ಹೊತ್ತಿಗೆ ಅವರೂ ಮುಗಿದಿದ್ರು.”

ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಂಡು ಸುಮ್ಮನಾಯಿತು.

“ವಿಪುಲ ಅವರ ಬಾಯಿ ಒರೆಸಿದ. ಆಮೇಲೆ ಅಳ್ತಾನೇ ಪಟಗಳ ಹತ್ರ ಹೋದ. ಯಾಕೋ ಅಂದೆ. ನಮ್ಮನೇಲಿ ಸಾವಾದ್ರೆ ಹೀಗೇ ಮಾಡೋದು ಅಂದ. ನಮ್ಮನೇಲಿ ಅಂದ ಸರ್. ಹಿತ್ತಲ ಗೋಡೆ ಹಾರಿ ಹೋದ. ಬೆಳಕು ಹರಿದ ಮೇಲೆ ನಾನು ಕೂಗಿಕೊಂಡೆ.”

ಸಾಲ್ದಿನ್ ಮತ್ತೆ ಕೂತ. “ಜೀವ ಇದ್ದಾಗ ಏನಾದ್ರೂ ಹೇಳಿದ್ರಾ?”

ತಿಲ್ಲೈ ಬಾಗಿಲ ಕಡೆ ನೋಡಿದ. ಮತ್ತೆ ಇವನ ಕಡೆ.

“ನಿಮಗೆ ಗೊತ್ತಿಲ್ವಾ?”

“ನನಗೆ ಹೇಗೆ ಗೊತ್ತಿರುತ್ತೆ?”

“ಯಾರು ಹೊಡೆದದ್ದು ಅಜ್ಜಾ ಅಂತ ವಿಪುಲ ಕಿವಿ ಹತ್ರ ಕೇಳಿದ. ಅವರು ಹೆಸರು ಹೇಳಿದ್ರು. ಕೇಳಿಸಲಿಲ್ಲ ಅಂತ ಅವನು ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದ್ರು.” ಹುಡುಗನ ದನಿ ಪಿಸುಮಾತಿಗಿಳಿಯಿತು. “ಸಾಲ್ದಿನ್.”

ಕೋಣೆಯ ಫ್ಯಾನು ಕಿರ್ರನೆ ಸುತ್ತುತ್ತಲೇ ಇತ್ತು.

“ಅವತ್ತು ಬೆಳಿಗ್ಗೆ ವಿಚಾರಣೆಗೆ ಅಂತ ಬಂದವರು ಯಾರು? ನೀವು. ನನ್ನ ಕೈಗೆ ಬೇಡಿ ಹಾಕಿಸಿದ್ದು ಯಾರು? ನೀವು. ಚಹಾ ಕೊಟ್ಟು, ಏನಾದ್ರೂ ಕೇಳಿಸ್ತಾ, ಏನಾದ್ರೂ ಕಾಣಿಸ್ತಾ ಅಂತ ಮತ್ತೆ ಮತ್ತೆ ಕೆದಕಿದ್ದು ನೀವು. ನಾನು ಬಾಯಿ ಬಿಡಲಿಲ್ಲ ಅಂತ ಈಗ ಆ ಅಮ್ಮನ್ನ ಹಿಡ್ಕೊಂಡಿದ್ದೀರಿ.” ಅವನು ತಿನ್ನದ ಬನ್ನನ್ನು ಮೇಜಿನ ಆಚೆಗೆ ತಳ್ಳಿದ. “ಇಗೋ, ಹೇಳಿದ್ದಾಯ್ತು. ಜೀಪಿಗೆ ಹತ್ತಿಸಿ.”

ಸಾಲ್ದಿನ್‌ಗೆ ನಗಬೇಕೆನಿಸಿತು, ಕೂಗಬೇಕೆನಿಸಿತು, ಎರಡೂ ಆಗಲಿಲ್ಲ. ಆ ರಾತ್ರಿ ಅವನು ತನ್ನ ಮನೆಯಲ್ಲಿ ಜ್ವರದ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ. ನೋಡಿದವಳು ಹೆಂಡತಿ ಒಬ್ಬಳೇ. ನೋವಿನ ಮಂಪರಿನಲ್ಲಿ ಮುದುಕ ಅವನನ್ನು ಕರೆದನೇ? ಆದರೆ ಕೇಳಿದ್ದು ಯಾರು ಹೊಡೆದದ್ದು ಎಂದು. ಅದಕ್ಕೆ ಉತ್ತರ ಬಂದಿತ್ತು. ಒಂದು ಸಲವಲ್ಲ, ಮತ್ತೆ ಕೇಳಿದಾಗಲೂ.

ಹೊರಗೆ ಜೀಪಿನ ಬ್ರೇಕು ಕಿರುಚಿತು. ಬಾಗಿಲುಗಳು ದಡ್ ದಡ್ ಎಂದು ಬಡಿದುಕೊಂಡವು. ಅಂಗಳದಲ್ಲಿ ಅಬೇಸೇಕರನ ದನಿ, ಬೇಡದ ಬೀಗರನ್ನು ಬರಮಾಡಿಕೊಳ್ಳುವವನ ನಗು. ತಿಲ್ಲೈನಾದನ್ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಬಾಗಿಲು ತೆರೆಯಿತು. ಅಬೇಸೇಕರನ ಹಿಂದೆ ಹೂವಿನ ಚಿತ್ತಾರದ ಅಂಗಿ ತೊಟ್ಟ, ಜೀಪಿನಿಂದಿಳಿದ ಇಬ್ಬರು.

“ಏನಪ್ಪಾ ಸಾಲ್ದಿನ್? ಹೆಸರು ಸಿಕ್ತಾ?”

ಯಸವತಿ ಎನ್ನಬಹುದಿತ್ತು. ವಿಪುಲ ಎನ್ನಬಹುದಿತ್ತು, ಸೈನ್ಯ ಬಿಟ್ಟವನನ್ನು ಯಾರೂ ನಂಬುವುದಿಲ್ಲ. ಅಥವಾ ಇಲ್ಲ ಸರ್ ಎಂದು ತಲೆತಗ್ಗಿಸಿದರೆ ಸಾಕು, ಆ ಹೆಸರನ್ನು ಕೇಳಿದ ಕಿವಿ ಜೀಪು ಹತ್ತಿ ಹೋಗುತ್ತಿತ್ತು. ಅದು ಮರಳಿ ಬರುವುದಿಲ್ಲವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನ ಮನೆ, ನೌಕರಿ, ಮಗಳು, ಎಲ್ಲ ಇದ್ದಲ್ಲೇ ಇರುತ್ತಿತ್ತು.

“ಸಿಕ್ತು ಸರ್,” ಎಂದ ಸಾಲ್ದಿನ್. ದನಿ ತನ್ನದಲ್ಲವೆಂಬಂತೆ ಕೇಳಿಸಿತು. “ಈ ಹುಡುಗ ಇನ್ನು ಆರೋಪಿ ಅಲ್ಲ. ಸಾಯೋರ ಕೊನೇ ಮಾತು ಕಿವಿಯಾರೆ ಕೇಳಿದ ಸಾಕ್ಷಿ. ಈಗಲೇ ಮ್ಯಾಜಿಸ್ಟ್ರೇಟರ ಮನೆಗೆ ಕರ್ಕೊಂಡು ಹೋಗಿ ಹೇಳಿಕೆ ಬರೆಸಬೇಕು. ಜೀಪಿನವರಿಗೆ ಕೊಡೋಕೆ ಆಗಲ್ಲ.”

ಹೂವಿನ ಅಂಗಿಯವನೊಬ್ಬ ನಕ್ಕ. “ಸಾಕ್ಷಿಯಂತೆ! ಯಾರ ಮೇಲೆ?”

ಸಾಲ್ದಿನ್ ಸೊಂಟದ ಪಟ್ಟಿ ಬಿಚ್ಚಿದ. ಪಿಸ್ತೂಲಿನ ಸಮೇತ ಅದನ್ನು ಮೇಜಿನ ಮೇಲೆ, ಅಬೇಸೇಕರನ ಕೈಗೆಟುಕುವಂತೆ ಇಟ್ಟ.

“ನನ್ನ ಮೇಲೆ.”